ತೂಕದಣ್ಣನ ಕಪ್ಪು ಇಕ್ಕಳ

ಎಲ್ಲ ಅನಾಹುತಕ್ಕೂ ಮೂಲ ಒಂದು ಲೋಟ ಚಹಾ.

ಸುತ್ತಿಗೆ, ಇಕ್ಕಳದಂಥ ಕೈಸಾಮಾನು ತಯಾರಿಸುವ ಆ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ತೂಕದಣ್ಣ ಎಂದು. ಯಾವ ಲೋಹವನ್ನಾದರೂ ಬಲ ಅಂಗೈಯಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ ತೂಕ ಹೇಳಿಬಿಡುತ್ತಿದ್ದ. ಆರು ವರ್ಷ ಸಾಣೆ ಶೆಡ್ಡಿನಲ್ಲಿ ಕಿಡಿ ನುಂಗಿದವನು ಅದೊಂದೇ ವಿದ್ಯೆಯ ಬಲದಿಂದ ಎರಡು ವರ್ಷದ ಹಿಂದೆ ಫ್ಯಾನಿರುವ ಮಾದರಿ ವಿಭಾಗಕ್ಕೆ ಬಂದಿದ್ದ. ಈಗ ಯಜಮಾನರಿಗೆ ಹಗುರವಾದ, ಗಟ್ಟಿಯಾದ, ತುಕ್ಕು ಹಿಡಿಯದ ಇಕ್ಕಳ ಬೇಕಾಗಿತ್ತು.

"ಇವತ್ತು ನಾಲ್ಕು ಗಂಟೆಗೆ ಮಾದರಿ ತನ್ನಿ. ಒಪ್ಪಿಗೆ ಆಗ್ಲಿಲ್ಲ ಅಂದ್ರೆ ನಿಮ್ಮ ಸಾಣೆಕಲ್ಲು ಇನ್ನೂ ಅಲ್ಲೇ ಇದೆ, ನೆನಪಿರ್ಲಿ" ಎಂದು ಅವರು ಬೆಳಿಗ್ಗೆಯೇ ಎಚ್ಚರಿಸಿದ್ದರು.

ತೂಕದಣ್ಣ ಮೂರು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದ. ಉಕ್ಕು ಗಟ್ಟಿ, ಆದರೆ ಭಾರ. ಅಲ್ಯೂಮಿನಿಯಂ ಹಗುರ, ಆದರೆ ಬೋಲ್ಟು ಕಂಡರೆ ಬಾಗಿ ನಮಸ್ಕಾರ ಮಾಡುತ್ತಿತ್ತು. ಟೈಟೇನಿಯಂನ ಬೆಲೆ ಕೇಳಿ ಯಜಮಾನರು ಎರಡು ಲೋಟ ನೀರು ಕುಡಿದಿದ್ದರು. ಕೊನೆಗೆ ಅಲ್ಯೂಮಿನಿಯಂಗೆ ಬೇರೆ ಲೋಹ ಬೆರೆಸಿ, ಬಾಯಿಗೆ ಉಕ್ಕಿನ ಹಲ್ಲು ಕೂರಿಸಿ, ಮೇಲೆ ಕಪ್ಪು ಲೇಪನ ಕೊಟ್ಟು ಒಂದೇ ಒಂದು ಇಕ್ಕಳ ಮಾಡಿದ್ದ.

"ಇದೇನ್ರೀ, ಆಟದ ಸಾಮಾನು?" ಎಂದು ಮೇಸ್ತ್ರಿ ಕಿತ್ತುಕೊಂಡು, ಜಂಗು ಹಿಡಿದ ಬೋಲ್ಟಿಗೆ ಹಾಕಿ ಜೋತುಬಿದ್ದ. ಇಕ್ಕಳಕ್ಕೆ ಏನೂ ಆಗಲಿಲ್ಲ. ಅದು ಜಾರಿ ಬಂದು ಬಡಿದದ್ದು ಮಾತ್ರ ತೂಕದಣ್ಣನ ಬಲ ಅಂಗೈಗೆ. ಜಗತ್ತಿನ ಎಲ್ಲ ಕಾಯಿಲೆಗೂ ಮದ್ದು ಬಲ್ಲ ಸ್ಟೋರ್‌ಕೀಪರ್ ಓಡಿ ಬಂದು, "ಗಾಳಿ ಆಡ್ಬಾರ್ದು ಅಣ್ಣಾ" ಎನ್ನುತ್ತ ದಿಂಬಿನಷ್ಟು ದಪ್ಪ ಪಟ್ಟಿ ಸುತ್ತಿದ. ತೂಗುವ ಕೈ ಹೀಗೆ ರಜೆಯ ಮೇಲೆ ಹೋಯಿತು.

ನೋವು ಮರೆಯಲು ಕ್ಯಾಂಟೀನಿಗೆ ಹೋದ. ಇಕ್ಕಳವನ್ನು ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟು ಎಡಗೈಯಲ್ಲಿ ಲೋಟ ಹಿಡಿದಿದ್ದನಷ್ಟೆ, ಮೇಸ್ತ್ರಿ ಬಾಗಿಲಲ್ಲಿ ಕೂಗಿದ: "ಯಜಮಾನ್ರು ಆಗ್ಲೇ ಬಂದ್ರು! ಓಡ್ರೀ!" ತೂಕದಣ್ಣ ಕಟ್ಟೆಯ ಮೇಲಿದ್ದ ಕಪ್ಪು ಇಕ್ಕಳ ಬಾಚಿಕೊಂಡು ಓಡಿದ.

ಯಜಮಾನರು ಅದನ್ನು ಎತ್ತಿ ನೋಡಿದರು. "ಅಬ್ಬಾ, ಎಷ್ಟು ಹಗುರ!" ಬೋಲ್ಟು ತಿರುಗಿಸಿದರು, ಬಾಗಲಿಲ್ಲ. ಬೀಗದ ಕೈಯಿಂದ ಗೀರಿದರು, ಲೇಪನ ಏಳಲಿಲ್ಲ. ನೀರು ಸುರಿದರು, ಹನಿ ಹನಿಯಾಗಿ ಜಾರಿ ಹೋಯಿತು. "ಭೇಷ್! ಇಂಥದ್ದೇ ಐದು ಸಾವಿರ ಮಾಡ್ಸಿ!"

ಆಗ ತೂಕದಣ್ಣನ ಕಣ್ಣಿಗೆ ಹಿಡಿಕೆಯ ಮೇಲೆ ಒಣಗಿದ ಹಾಲಿನ ಕಲೆ ಬಿತ್ತು. ಇದು ಅವನ ಇಕ್ಕಳವಲ್ಲ! ಬಾಯಿಬಿಟ್ಟರೆ ಸಾಣೆ ಶೆಡ್ಡು, ಬಿಡದಿದ್ದರೆ ಮೋಸ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನಂತೆ ಅವನು ನಿಂತಿರುವಾಗಲೇ ಕ್ಯಾಂಟೀನಿನ ಅಕ್ಕ ನುಗ್ಗಿದಳು.

"ಅಣ್ಣಾ, ನನ್ನ ಇಕ್ಕಳ ಕೊಡಿ! ನಿಮ್ಮದರಲ್ಲಿ ಹಾಲಿನ ಪಾತ್ರೆ ಇಳಿಸೋಕೆ ಹೋದೆ, ಬಣ್ಣವೆಲ್ಲ ಹಳೇ ಗೋಡೆ ಸುಣ್ಣದ ಹಾಗೆ ಎದ್ದು ಬಂತು."

ಯಜಮಾನರ ಹುಬ್ಬು ಮೇಲೇರಿತು. "ಇದು ನಿಮಗೆಲ್ಲಿ ಸಿಕ್ತಮ್ಮಾ?"

"ನಮ್ಮ ಸಾಣೆ ಶೆಡ್ಡಿನ ಗುಜರಿಯಲ್ಲೇ ಸಾರ್, ಎಂಟು ವರ್ಷ ಆಯ್ತು. ಈ ಅಣ್ಣ ಕೆಲ್ಸಕ್ಕೆ ಸೇರಿದ ಹೊಸತು. ಮಾತಾಡ್ತಾ ಮಾತಾಡ್ತಾ ಸಾಣೆ ಹಿಡಿದು ಅರ್ಧ ಸವೆಸಿ ಬಿಸಾಕಿದ್ರು. ಅದಕ್ಕೇ ಅಷ್ಟು ಹಗುರ."

"ಮತ್ತೆ ಲೇಪನ?"

"ಲೇಪನ ಎಲ್ಲಿಂದ ಬರ್ಬೇಕು? ನನ್ನ ಎಣ್ಣೆ ಕೈ, ಒಲೆ ಉರಿ, ಅಷ್ಟೇ."

ತೂಕದಣ್ಣ ಕಣ್ಣು ಮುಚ್ಚಿಕೊಂಡ. ಆದರೆ ಯಜಮಾನರು ನಗುತ್ತ ಎದ್ದು ಬಂದು ಅವನ ಕೈ ಕುಲುಕಿದರು, ಅದೂ ಪಟ್ಟಿ ಕಟ್ಟಿದ ಕೈಯನ್ನೇ.

"ಮಾದರಿ ಒಪ್ಪಿಗೆ! ಆ ಹದಕ್ಕೆ ಸವೆಸೋದು ನಿಮ್ಮೊಬ್ಬರಿಗೇ ಗೊತ್ತಿರೋದು. ನಾಳೆಯಿಂದ ಬೆಳಿಗ್ಗೆ ಸಾಣೆ ಶೆಡ್ಡು, ಮಧ್ಯಾಹ್ನ ಅಕ್ಕನ ಒಲೆ ಮುಂದೆ."

ಹೊರಗೆ ಬಂದ ಮೇಲೆ ಅಕ್ಕನಿಗೆ ಅವನ ಮುಖ ನೋಡಿ ಕರುಳು ಚುರ್ರೆಂದಿತು.

"ಹೆದರ್ಬೇಡಿ ಅಣ್ಣಾ, ಕಷ್ಟದ ಕೆಲ್ಸ ಏನಲ್ಲ" ಎಂದಳು. "ಒಂದು ಇಕ್ಕಳ ಆ ಬಣ್ಣಕ್ಕೆ ಬರೋಕೆ ಎಂಟೇ ವರ್ಷ ಸಾಕು."