ಎರಡು ಹೊಳಿ ಕೂಡೋ ಊರು

ನಮ್ಮ ಚಿಗವ್ವನಿಗೆ ಕಟ್ಟಿಕೊಂಡ ಗಂಡನ ಹೆಸರೇ ಗೊತ್ತಿರಲಿಲ್ಲ ಎಂದರೆ ನೀವು ನಂಬುತ್ತೀರಾ? ನಂಬಬೇಡಿ. ಆದರೆ ಅವಳ ಜೊತೆ ಒಂದು ವಾರ ಇದ್ದಿದ್ದರೆ ನಿಮಗೂ ಹಾಗೇ ಅನಿಸುತ್ತಿತ್ತು. ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ಇಳಕಲ್ಲಿನಲ್ಲಿ ಸೀರೆ ನೇಯುತ್ತಾಳೆ. ಅವಳ ಗಂಡ, ನಮ್ಮ ಕಾಕಾ, ಅದೇ ಊರಿನಲ್ಲಿ ಗ್ರಾನೈಟ್ ಕಲ್ಲಿಗೆ ಪಾಲಿಶ್ ಹಿಡಿಯುತ್ತಿದ್ದರು. ಹೆಸರು ಸಂಗಪ್ಪ. ನಾನು ಹೇಳಬಹುದು, ನನಗೇನು ಅಡ್ಡಿ? ಅಡ್ಡಿ ಇದ್ದದ್ದು ಅವಳಿಗೆ.

ಗಂಡನ ಹೆಸರು ಹೇಳದ ಹೆಂಗಸರು ನಮ್ಮ ಕಡೆ ಹಳೆಯ ತಲೆಯವರಲ್ಲಿ ಬೇಕಾದಷ್ಟು ಮಂದಿ. ಆದರೆ ಅವರೆಲ್ಲ ಹೆಸರೊಂದನ್ನೇ ಬಿಟ್ಟಿದ್ದರು. ಚಿಗವ್ವ ಆ ಹೆಸರಿನ ಅಕ್ಷರಗಳನ್ನೇ ಬಿಟ್ಟುಬಿಟ್ಟಿದ್ದಳು! ಸಂಗೀತ ಅವಳ ಬಾಯಲ್ಲಿ ‘ಹಾಡು ಬಜಾವಣಿ’. ಮೂಲೆಮನೆಯ ಸಂಗವ್ವ ‘ಮೂಲಿಮನಿಯಾಕಿ’. ಪಾಪ, ಆ ಹೆಂಗಸು ತನ್ನ ಸ್ವಂತ ಹೆಸರನ್ನೇ ಮರೆಯುವ ಹಂತಕ್ಕೆ ಬಂದಿದ್ದಳು. ಚಿಗವ್ವ ದಿನಾ ಬೆಳಿಗ್ಗೆ ಲಿಂಗಪೂಜೆಗೆ ಕೂತು ವಚನ ಹೇಳುತ್ತಿದ್ದಳಲ್ಲ, ಕೊನೆಗೆ ಕೂಡಲಸಂಗಮದೇವ ಎಂಬ ಅಂಕಿತ ಬಂದೊಡನೆ ಗಂಟಲು ಸರಿಮಾಡಿಕೊಂಡು, “ಹ್ಞೂಂ ಹ್ಞೂಂ ದೇವಾ” ಎಂದು ಗುನುಗಿ ಕೈ ಮುಗಿಯುತ್ತಿದ್ದಳು. ಕೇಳಿದರೆ, “ದೇವರಿಗೆ ತಿಳೀತೈತಿ ಬಿಡು” ಎನ್ನುತ್ತಿದ್ದಳು.

ದೇವರಿಗೆ ತಿಳಿಯಬಹುದು, ಬಸ್ಸಿನ ಕಂಡಕ್ಟರನಿಗೆ? ಪ್ರತಿ ಅಮಾವಾಸ್ಯೆಗೆ ಅವಳು ಕೂಡಲಸಂಗಮಕ್ಕೆ ಹೋಗುವವಳು. ಈಗ ಹೆಂಗಸರಿಗೆ ಟಿಕೆಟು ಪುಕ್ಕಟೆ, ಆದರೂ ಊರು ಹೇಳುವುದು ತಪ್ಪಿಲ್ಲ.

“ಎಲ್ಲಿಗ್ರಿ ಅವ್ವಾ?”

“ಎರಡು ಹೊಳಿ ಕೂಡೋ ಊರಿಗೆ.”

ಮೊದಲ ಸಲ ಕಂಡಕ್ಟರ್ ತಲೆ ಕೆರೆದುಕೊಂಡನಂತೆ. ಪಕ್ಕದ ಮುದುಕಿಯೊಬ್ಬಳು, “ಗಂಡನ ಹೆಸರ ಇರಬೇಕೋ ತಮ್ಮಾ” ಎಂದು ಬಿಡಿಸಿ ಹೇಳಿದ ಮೇಲೆ ಅವನಿಗೆ ಗೊತ್ತಾಯಿತು. ಆಮೇಲೆ ಅವನು ಕೇಳುವುದನ್ನೇ ಬಿಟ್ಟ. “ಎರಡು ಹೊಳಿ, ಒಂದು” ಎಂದು ತಾನೇ ಹೇಳಿಕೊಂಡು, ನಕ್ಕು, ಟಿಕೆಟು ಕೊಟ್ಟು ಮುಂದೆ ಹೋಗುತ್ತಿದ್ದ.

ಇಂಥ ಚಿಗವ್ವನ ಮನೆಗೇ ನಾನು ನನ್ನ ನೌಕರಿಯನ್ನು ಹೊತ್ತುಕೊಂಡು ಹೋಗಬೇಕೆ? ಓದು ಬರಹ ಬಾರದ ಬಡವರು ಮೊಬೈಲಿನಲ್ಲಿ ತಾವೇ ಹಣ ಕಳಿಸುವಂತಾಗಲು ಏನು ಮಾಡಬೇಕು ಎಂಬುದು ನಮ್ಮ ತಂಡದ ಸಂಶೋಧನೆ. ನಮ್ಮವರು ಬಹಳ ತಲೆ ಓಡಿಸಿ ಮಾತಾಡುವ ಆಪ್ ಒಂದನ್ನು ತಯಾರಿಸಿದ್ದರು. ಅದು ಕನ್ನಡದಲ್ಲಿ ಕೇಳುತ್ತದೆ, ನಾವು ಕನ್ನಡದಲ್ಲಿ ಹೇಳಬೇಕು. ಅಕ್ಷರದ ಗೊಡವೆಯೇ ಇಲ್ಲ. ಯಾರಿಗೆ ಕಳಿಸಬೇಕೋ ಅವರ ಹೆಸರು ಹೇಳಿದರೆ ಆಯಿತು. ಎಷ್ಟು ಸುಲಭ, ನೋಡಿ!

ಚಿಗವ್ವನಿಗೆ ಅದು ಬೇಕೂ ಆಗಿತ್ತು. ವರ್ಷಾನುಗಟ್ಟಲೆ ಉಸಿರಾಡಿದ ಕಲ್ಲಿನ ಧೂಳು ಎದೆಯಲ್ಲಿ ಕೂತು, ಕಾಕಾ ಬಾಗಲಕೋಟೆಯ ದವಾಖಾನೆ ಸೇರಿದ್ದರು. ಅವರ ತಮ್ಮ ಜೊತೆಗಿದ್ದ. ಚಿಗವ್ವ ಮಗ್ಗ ಬಿಟ್ಟು ಹೋಗಿ ಕೂತರೆ ಔಷಧ ನಿಲ್ಲುತ್ತಿತ್ತು. ಹಾಗಾಗಿ ಇಲ್ಲಿ ನೇಯಬೇಕು, ಅಲ್ಲಿಗೆ ಕಳಿಸಬೇಕು. ಕಾಕಾ ಉಳಿಯಬೇಕು, ಅವಳಿಗೆ ಬೇಕಾಗಿದ್ದದ್ದು ಅದೊಂದೇ.

“ಯಾರಿಗೆ ಕಳುಹಿಸಬೇಕು? ದಯವಿಟ್ಟು ಹೆಸರು ಹೇಳಿ” ಎಂದಿತು ಮೊಬೈಲು, ಬೆಂಗಳೂರಿನ ನಯವಾದ ಹೆಣ್ಣು ದನಿಯಲ್ಲಿ.

“ಇವರಿಗೆ” ಎಂದಳು ಚಿಗವ್ವ, ಮಗ್ಗದಲ್ಲಿ ಕೂತಲ್ಲಿಂದಲೇ.

“ಕ್ಷಮಿಸಿ. ದಯವಿಟ್ಟು ಹೆಸರು ಹೇಳಿ.”

“ಇವರಿಗೇ ನಮ್ಮವ್ವಾ. ನಮ್ಮ ಮನಿಯವರಿಗೆ. ಬಾಗಲಕೋಟಿ ದವಾಖಾನ್ಯಾಗ ಅದಾರಲ್ಲ, ಅವರಿಗೆ.”

“ಕ್ಷಮಿಸಿ. ಆ ಹೆಸರಿನವರು ಯಾರೂ ಇಲ್ಲ.”

ಚಿಗವ್ವನ ಮುಖ ಬಿಳುಚಿಕೊಂಡಿತು. ಲಾಳಿಯನ್ನು ಕೆಳಗಿಟ್ಟಳು. “ಏನ ಮಾತಂತ ಆಡ್ತೀ ಹುಡುಗಿ? ಅದಾರ. ನಿನ್ನೆ ಎರಡು ತುತ್ತು ಉಂಡಾರ. ಇನ್ನೊಮ್ಮೆ ಇಲ್ಲ ಅನಬ್ಯಾಡ.”

ನಾನು ಒಡಪಿನಲ್ಲಾದರೂ ಹೇಳು ಎಂದೆ. ಮದುವೆ ಮನೆಯಲ್ಲಿ ಹೆಂಗಸರು ಪ್ರಾಸದ ಸಾಲುಗಳ ನಡುವೆ ಗಂಡನ ಹೆಸರನ್ನು ಪೋಣಿಸಿ ಹೇಳುತ್ತಾರಲ್ಲ, ಅದು. “ಮದುವಿ ದಿನಾ ಹೇಳೇನಲ್ಲ. ಒಬ್ಬ ಗಂಡಗ ಎಷ್ಟ ಸಲ ಹೇಳೂದು?” ಎಂದು ನನ್ನ ಬಾಯಿ ಮುಚ್ಚಿಸಿದಳು.

ಬೆಂಗಳೂರಿನಿಂದ ಬಂದಿದ್ದ ನಮ್ಮ ತಂಡದ ಮೇಡಂ ಪಕ್ಕದಲ್ಲೇ ಕೂತಿದ್ದರು. “ಹೆಸರು ಹೇಳಿದರೆ ಏನಾಗುತ್ತಮ್ಮಾ?” ಎಂದು ಕೇಳಿದರು.

“ಗಂಡನ ಆಯುಷ್ಯ ಕಡಿಮಿ ಆಗ್ತೈತ್ರಿ.”

ಮೇಡಂ ನಗಲು ಹೊರಟಿದ್ದರು. ಅಷ್ಟರಲ್ಲಿ ಚಿಗವ್ವ ಅಂದಳು, “ಮೊದಲ ಅವರಿಗೆ ಉಸುರು ಸಾಲವಲ್ದು. ಇದ್ದದ್ದರಾಗ ನಾ ಒಂದು ದಿನಾ ಕಡಿಮಿ ಮಾಡ್ಲೇನ್ರಿ?”

ಮೇಡಂ ನಗಲಿಲ್ಲ. ಕಳಿಸುವವರು ಹೆಸರನ್ನೇ ಹೇಳಲಾರರು ಎಂಬುದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಅಲ್ಲೇ ಕೂತು ಮೊಬೈಲಿನಲ್ಲಿದ್ದ ಸಂಗಪ್ಪ ಎಂಬ ಹೆಸರನ್ನು ತೆಗೆದು ‘ಇವರು’ ಎಂದು ಮಾಡಿಕೊಟ್ಟರು. ಚಿಗವ್ವ ತಲೆಯ ಮೇಲೆ ಸೆರಗು ಹೊದ್ದು, ಹೊಸ ಮದುಮಗಳಂತೆ ತಗ್ಗಿದ ದನಿಯಲ್ಲಿ “ಇವರಿಗೆ” ಎಂದಳು. “ಇವರಿಗೆ ಹಣ ತಲುಪಿದೆ” ಎಂದಿತು ಮೊಬೈಲು. ಅಂದಿನಿಂದ ಹಣ ಕಳಿಸುವಾಗಲೆಲ್ಲ ತಲೆಯ ಮೇಲೆ ಸೆರಗು. ಗಂಡನಿಗೆ ಮುಟ್ಟುವ ಮಾತನ್ನು ಬರಿ ತಲೆಯಲ್ಲಿ ಆಡುವುದುಂಟೆ? ಓಣಿಯ ಹೆಂಗಸರೂ ಬಂದು ತಂತಮ್ಮ ಗಂಡಂದಿರನ್ನು ‘ಇವರು’ ಮಾಡಿಸಿಕೊಂಡು ಹೋದರು. ಒಂದೇ ಓಣಿಯಲ್ಲಿ ಅಷ್ಟೊಂದು ಜನ ‘ಇವರು’! ನಮ್ಮ ಕಚೇರಿಯಲ್ಲಿ ಮೇಡಂ ಇದನ್ನು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ಬಿದ್ದ ವಾರವೇ ಕಾಕಾ ಹೋದರು. ಮಗ್ಗದ ಮೇಲಿನ ಸೀರೆ ಅರ್ಧಕ್ಕೆ ನಿಂತಿತ್ತು. ಒಂದು ಹೆಸರನ್ನು ಜೀವಮಾನವೆಲ್ಲ ನುಂಗಿಕೊಂಡು ಇವಳು ಕೂಡಿಟ್ಟ ಆಯುಷ್ಯ ಎಲ್ಲಿ ಹೋಯಿತು, ಯಾರನ್ನು ಕೇಳುವುದು? ನನಗೆ ದೇವರ ಮೇಲೂ ಸಿಟ್ಟು ಬಂತು, ಆ ಕಲ್ಲಿನ ಧೂಳಿನ ಮೇಲೂ ಬಂತು. ಚಿಗವ್ವನಿಗೆ ಯಾರ ಮೇಲೂ ಸಿಟ್ಟು ಬಂದಂತೆ ಕಾಣಲಿಲ್ಲ. ಅವಳ ಮೊಬೈಲಿನಿಂದ ‘ಇವರು’ ಅಳಿಸಿಬಿಡಲೇ ಎಂದು ಕೇಳಿದೆ.

“ಇರ್ಲಿ ಬಿಡು” ಎಂದಳು. “ಯಾರೂ ಇಲ್ಲ ಅಂತ ಅದು ಮತ್ತ ಹೇಳೂದು ಬ್ಯಾಡ.”

ಮುಂದಿನ ಅಮಾವಾಸ್ಯೆಗೆ ಅವಳನ್ನು ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಜೊತೆಗೆ ಬಸ್ಸು ಹತ್ತಿದೆ. ಇಳಕಲ್ ದಾಟುತ್ತಿದ್ದಂತೆ ಅದೇ ಕಂಡಕ್ಟರ್ ನಗುತ್ತ ಬಂದ.

“ಎರಡು ಹೊಳಿ, ಒಂದು. ಹೌದಲ್ಲವ್ವಾ?”

ಚಿಗವ್ವ ಕಿಟಕಿಯ ಕಡೆಯಿಂದ ಮುಖ ತಿರುಗಿಸಿದಳು.

“ಕೂಡಲಸಂಗಮ” ಎಂದಳು, ಒಂದು ಅಕ್ಷರವನ್ನೂ ನುಂಗದೆ.

ಅವನ ನಗು ನಿಂತಿತು. ಟಿಕೆಟು ಕೊಡುವುದನ್ನು ಬಿಟ್ಟು ಸೀಟಿನ ಕಂಬಿ ಹಿಡಿದು ನಿಂತುಕೊಂಡ.

“ಯಾವಾಗ್ರಿ ಅವ್ವಾ?” ಎಂದು ಮೆಲ್ಲಗೆ ಕೇಳಿದ.