ಛತ್ರದ ಪಕ್ಕದ ಅವರೆ ಹೊಲ

ಬೆಂಗಳೂರಲ್ಲಿ ಹೊಲ ಇಟ್ಕೊಂಡೋರು ನಗೋದಕ್ಕೆ ಅಂತ ಟಿವಿ ಹಾಕ್ಬೇಕಾಗಿಲ್ಲ. ಬೇಲಿ ಹತ್ರ ಒಂದು ಗಳಿಗೆ ನಿಂತ್ರೆ ಸಾಕು, ಯಾರಾದ್ರೂ ಬಂದು ಏನಾದ್ರೂ ಕೇಳೇ ಕೇಳ್ತಾರೆ. ರಾಗಿ ಪೈರು ನೋಡಿ "ಲಾನ್ ಎಷ್ಟು ಚೆನ್ನಾಗಿ ಮೇಂಟೇನ್ ಮಾಡಿದೀರ ಆಂಟಿ" ಅಂದೋರಿದಾರೆ. "ವೀಕೆಂಡ್ ಎಷ್ಟೊತ್ತಿಗೆ ತೆಗೀತೀರ, ಟಿಕೆಟ್ ಇದೆಯಾ?" ಅಂತ ಮಕ್ಕಳನ್ನ ಕರ್ಕೊಂಡು ಬಂದೋರೂ ಇದಾರೆ. ಟಿಕೆಟ್ ಇಲ್ಲ, ಕಳೆ ಕೀಳಿ ಬನ್ನಿ ಅಂದೆ. ಆಮೇಲೆ ಬರ್ಲಿಲ್ಲ.

ನಮ್ಮ ಹೊಲ ಕೆಂಗೇರಿ ಆಚೆ. ಒಂದು ಪಕ್ಕ ಅಪಾರ್ಟ್‌ಮೆಂಟು, ಇನ್ನೊಂದು ಪಕ್ಕ ಮದುವೆ ಛತ್ರ, ನಡುವೆ ನಮ್ಮ ಎರಡು ಎಕರೆ. ನಾನು ಸುಂಕದಕಟ್ಟೆ ಕಡೆಯ ಹುಡುಗಿ. ನಮ್ಮಪ್ಪ ರಾಗಿ ಬೆಳೀತಿದ್ದ ಜಾಗದಲ್ಲಿ ಈಗ ಬೇಕರಿ ಇದೆ. ತವರಿಗೆ ಹೋದಾಗೆಲ್ಲ ಅಲ್ಲೇ ನಿಂತು ಖಾರಾ ಬನ್ ತಿಂದು ಹೊಟ್ಟೆ ಉರ್ಕೊಂಡು ಬರ್ತೀನಿ. ಹಾಗಾಗಿ ಈ ಹೊಲ ಅಂದ್ರೆ ನನಗೆ ಪ್ರಾಣ.

ನಮ್ಮ ಮಾವ ಹಳೇ ಕಾಲದ ರೈತ. ಆದ್ರೆ ಔಷಧಿ ಪಂಪು ಬೆನ್ನಿಗೆ ಹಾಕ್ಕೊಂಡ್ರು ಅಂದ್ರೆ ಬದುವಿನ ಮೇಲಿನ ಇರುವೆನೂ ಬಿಡ್ತಿರ್ಲಿಲ್ಲ. ನಾನು ಒಂದು ತರಬೇತಿಗೆ ಹೋಗಿ ಬಂದು, "ಮಾವ, ಔಷಧಿ ಹೊಡೆದ್ರೆ ಬೆಳೆ ತಿನ್ನೋ ಹುಳದ ಜೊತೆಗೆ ಆ ಹುಳ ತಿನ್ನೋ ಹಕ್ಕಿ, ಜೇಡ, ಕಣಜ ಎಲ್ಲಾ ಹೋಗ್ತಾವೆ. ಅವನ್ನ ಉಳಿಸ್ಕೊಂಡ್ರೆ ಅವೇ ಕೆಲಸ ಮಾಡ್ತಾವೆ" ಅಂದೆ. ಮಾವ ಎಲೆಅಡಿಕೆ ಒಂದು ದವಡೆಯಿಂದ ಇನ್ನೊಂದು ದವಡೆಗೆ ಹಾಕ್ಕೊಂಡು ಹೇಳಿದ್ರು: "ಸರಿ ಕಣಮ್ಮ. ಈ ಸಲದ ಅವರೆ ನಿನ್ನ ಕೈಗೆ. ಒಂದು ತೊಟ್ಟು ಔಷಧಿ ಮುಟ್ಬಾರ್ದು. ಕಾಯಿ ಚೆನ್ನಾಗಿ ಬಂದ್ರೆ ಹೊಲ ಹೊಲವಾಗೇ ಇರುತ್ತೆ. ಇಲ್ಲಾಂದ್ರೆ ಸಂಕ್ರಾಂತಿ ಕಳೀತಿದ್ದಂಗೆ ಛತ್ರದೋರಿಗೆ ಪಾರ್ಕಿಂಗ್‌ಗೆ ಕೊಡ್ತೀನಿ."

ಛತ್ರದ ಓನರ್ ಎಷ್ಟೋ ದಿನದಿಂದ ಕೇಳ್ತಾನೇ ಇದ್ರು. ಮಾವ ಮಾತು ತಪ್ಪೋರಲ್ಲ ಅಂತ ನನಗೆ ಗೊತ್ತಿತ್ತು. ಆದ್ರೂ ಬಾಯಿ ಸುಮ್ನಿರುತ್ತಾ? "ಆಯ್ತು ಮಾವ" ಅಂದ್ಬಿಟ್ಟೆ.

ಹಕ್ಕಿ ಕಂಬ

ಮೊದಲನೇ ಕೆಲಸ, ಹೊಲದ ತುಂಬ ಸಾಲಾಗಿ ಕೋಲು ನೆಟ್ಟು, ತುದೀಲಿ ಅಡ್ಡ ಪಟ್ಟಿ ಕಟ್ಟಿದೆ. ಕಾಜಾಣ, ಗೊರವಂಕ ಬಂದು ಕೂತ್ಕೊಂಡು ಹುಳ ಹುಡುಕಿ ತಿನ್ಲಿ ಅಂತ. ಕಣ್ಣಿಗೆ ಕಾಣ್ಲಿ ಅಂತ ತುದಿಗೆ ಚೂರು ಬಿಳಿ ಬಣ್ಣ ಬಳಿದೆ. ಅದೇ ತಪ್ಪಾಗಿದ್ದು.

ಹಕ್ಕಿ ಬರೋಕೆ ಮುಂಚೆ ಬ್ರೋಕರ್ ಬಂದ. ನಮ್ಮ ಕಡೆ ಹೊಲದಲ್ಲಿ ಸಾಲಾಗಿ ಬಿಳಿ ತುದಿಯ ಕೋಲು ಕಂಡ್ರೆ ಲೇಔಟ್ ಆಯ್ತು ಅಂತಾನೇ ಲೆಕ್ಕ. ಬೈಕ್ ಸ್ಟ್ಯಾಂಡ್ ಹಾಕಿ, "ಅಕ್ಕ, ತರ್ಟಿ ಫಾರ್ಟಿನಾ? ಕಾರ್ನರ್ ಸೈಟು ಇನ್ನೂ ಇದೆಯಾ?" ಅಂದ.

"ಸೈಟಲ್ಲಪ್ಪ, ಹಕ್ಕಿ ಕೂರೋಕೆ."

ಅವನು ನಕ್ಕು, ದನಿ ತಗ್ಗಿಸಿ, "ಪಾರ್ಟಿ ಹೆಸರು ಹೇಳಲ್ಲಾಂದ್ರೆ ಬೇಡ ಬಿಡಿ ಅಕ್ಕ. ದೊಡ್ಡೋರೇ ಇರ್ಬೇಕು" ಅಂದು ಹೋದ.

ಸಂಜೆಯೊಳಗೆ ರಾಜರಾಜೇಶ್ವರಿನಗರದಿಂದ ಗಂಡ ಹೆಂಡ್ತಿ ಕಾರಲ್ಲಿ ಬಂದ್ರು. ಜೊತೆಗೆ ವಾಸ್ತು ನೋಡೋರು ಬೇರೆ. ಅವರು ದಿಕ್ಸೂಚಿ ಹಿಡ್ಕೊಂಡು ಅವರೆ ಸಾಲಲ್ಲಿ ಓಡಾಡಿ, "ನೈಋತ್ಯದ ಕೋಲು ಎರಡಡಿ ಹಿಂದಕ್ಕೆ ಹೋಗ್ಬೇಕು, ಇಲ್ಲಾಂದ್ರೆ ವಾಸ ಮಾಡೋರಿಗೆ ಏಳಿಗೆಯಿಲ್ಲ" ಅಂದ್ರು. ನಾನು ನಗು ತಡ್ಕೊಂಡು, ವಾಸ ಮಾಡೋರಿಗೆ ಹೇಳ್ತೀನಿ ಅಂದೆ. ಮಾವ ಮಾತ್ರ ಗಂಭೀರವಾಗಿ ಕೇಳಿಸ್ಕೊಂಡು, ಅವರು ಹೋದ್ಮೇಲೆ ಕೋಲು ಕಿತ್ತು ಎರಡಡಿ ಹಿಂದಕ್ಕೆ ನೆಟ್ರು.

ಬೆಳಿಗ್ಗೆ ನೋಡಿದ್ರೆ, ಅಷ್ಟು ಕೋಲಲ್ಲಿ ಬೇರೆ ಯಾವುದರ ಮೇಲೂ ಹಕ್ಕಿ ಇಲ್ಲ. ಆ ನೈಋತ್ಯದ ಕೋಲಿನ ಮೇಲೆ ಮಾತ್ರ ಒಂದು ಕಾಜಾಣ ಬಾಲ ಬಿಟ್ಕೊಂಡು ಕೂತಿದೆ. ಮಾವ ನನ್ನ ಮುಖ ನೋಡಿ, "ತರಬೇತೀಲಿ ಇದನ್ನ ಹೇಳ್ಕೊಡ್ಲಿಲ್ವಾ?" ಅಂದ್ರು.

ಗ್ಯಾಸ್ ಲೀಕು

ಆಮೇಲೆ ಜೀವಾಮೃತ. ಸಗಣಿ, ಗಂಜಲ, ಬೆಲ್ಲ, ಕಡ್ಲೆಹಿಟ್ಟು, ಒಂದು ಹಿಡಿ ಮಣ್ಣು, ಇಷ್ಟನ್ನೂ ಡ್ರಮ್ಮಲ್ಲಿ ನೀರಿಗೆ ಹಾಕಿ ಕೊಳೆಸಿ ಭೂಮಿಗೆ ಬಿಟ್ರೆ ಮಣ್ಣಲ್ಲಿ ಜೀವ ತುಂಬ್ಕೊಳುತ್ತೆ. ನಮ್ಮನೇಲಿ ಹಸು ಇಲ್ಲ. ಮೂಡಲಪಾಳ್ಯದ ನಾದಿನಿ ಮನೇಲಿ ಇದೆ. ಅಲ್ಲಿಂದ ಕ್ಯಾನಲ್ಲಿ ಗಂಜಲ ತರೋ ಕೆಲಸ ನಮ್ಮೆಜಮಾನ್ರದು. ಆಫೀಸು ಮುಗಿಸಿ, ಟೈ ಕೂಡ ಬಿಚ್ಚದೆ, ಸ್ಕೂಟರ್ ಕಾಲ್ಸಂದೀಲಿ ಕ್ಯಾನ್ ಇಟ್ಕೊಂಡು ಬರ್ತಾ ಇದ್ದಾಗ ಪೊಲೀಸ್ನೋರು ಕೈ ಅಡ್ಡ ಹಾಕಿದ್ರಂತೆ. "ಕ್ಯಾನಲ್ಲಿ ಏನ್ರೀ? ತೆಗೀರಿ." ತೆಗೆದ್ರು. ಪೊಲೀಸ್ನೋರು ಒಂದೇ ಸಲ ಬಗ್ಗಿದ್ದು, ಮೂಗು ಮುಚ್ಕೊಂಡು, "ಹೋಗಿ ಸಾರ್, ಬೇಗ ಹೋಗಿ" ಅಂತ ಸಿಗ್ನಲ್ಲೇ ನಿಲ್ಲಿಸಿ ದಾರಿ ಬಿಡ್ಸಿಕೊಟ್ರಂತೆ. ಅವತ್ತಿಂದ ನಮ್ಮೆಜಮಾನ್ರು ಅವಸರ ಇದ್ದಾಗ ಖಾಲಿ ಕ್ಯಾನಾದ್ರೂ ಇಟ್ಕೊಂಡು ಹೋಗ್ತಾರೆ.

ಡ್ರಮ್ಮು ಚೆನ್ನಾಗಿ ಹುಳಿ ಬಂದ ದಿನ ಗಾಳಿ ಅಪಾರ್ಟ್‌ಮೆಂಟ್ ಕಡೆ ಬೀಸ್ತು. ಒಂದು ಗಂಟೇಲಿ ಅಲ್ಲಿನ ಸೆಕ್ರೆಟರಿ ಏದುಸಿರು ಬಿಡ್ತಾ ಓಡಿ ಬಂದ್ರು. "ಮೇಡಂ, ಬೆಂಕಿ ಹಚ್ಬೇಡಿ! ಗ್ಯಾಸ್ ಲೀಕ್ ಆಗಿದೆ, ಎಲ್ಲರನ್ನೂ ಕೆಳಗೆ ಇಳಿಸಿದೀವಿ!" ನೋಡಿದ್ರೆ ಗೇಟ್ ಹತ್ರ ಅಷ್ಟೂ ಸಂಸಾರ ನಿಂತಿದೆ. ಒಬ್ಬರ ಕೈಲಿ ನಾಯಿ, ಒಬ್ಬರ ಕೈಲಿ ಕುಕ್ಕರ್.

ಪಾಪ ಅನ್ನಿಸ್ತು. ಡ್ರಮ್ ತೋರಿಸಿ, "ಗ್ಯಾಸಲ್ಲ ಸಾರ್. ಬೆಲ್ಲ, ಕಡ್ಲೆಹಿಟ್ಟು ಹಾಕಿ ಮಾಡಿದ್ದು" ಅಂದೆ.

"ಸ್ವೀಟ್ ಥರ ಇದೆಯಲ್ಲ ಮೇಡಂ?"

"ಇನ್ನೆರಡು ಸಾಮಾನು ಹೇಳಿಲ್ಲ ಸಾರ್ ನಾನು."

ಹೇಳಿದ್ಮೇಲೆ ಅವರಿಗೆ ಭಕ್ತಿ ಬಂದ್ಬಿಡ್ತು. ನಮ್ಮ ಬಾಲ್ಕನಿ ಗುಲಾಬಿಗೂ ಸ್ವಲ್ಪ ಕೊಡಿ ಅಂತ ನೀರಿನ ಬಾಟ್ಲೀಲಿ ತಗೊಂಡು ಹೋದ್ರು. ಕೆಡದೆ ಇರ್ಲಿ ಅಂತ ಅದನ್ನ ಫ್ರಿಡ್ಜಲ್ಲಿಟ್ರಂತೆ. ಮಾರನೇ ದಿನ ಅವರ ಫ್ರಿಡ್ಜು ಒಂದೇ ಗೇಟ್ ಹತ್ರ ಬಂದು ನಿಂತಿತ್ತು.

ಚೆಂಡುಹೂವಿನ ಬೇಲಿ

ಅವರೆ ಸುತ್ತ ಚೆಂಡುಹೂವಿನ ಗಿಡ ಹಾಕಿದ್ದೆ. ಹುಳದ ಚಿಟ್ಟೆ ಹೂವಿನ ಆಸೆಗೆ ಅದರ ಮೇಲೇ ಮೊಟ್ಟೆ ಇಡ್ಲಿ, ಅವರೆ ಬಚಾವಾಗ್ಲಿ ಅಂತ. ಚಿಟ್ಟೆ ಜೊತೆ ವಾಕಿಂಗ್ ಆಂಟಿಗಳೂ ಬಂದ್ರು. "ಕೀಳ್ಬೇಡಿ, ಅದು ಹುಳಕ್ಕೆ ಅಂತ ಬೆಳೆದಿರೋದು" ಅಂದೆ. ಒಬ್ಬರು ಸೊಂಟದ ಮೇಲೆ ಕೈ ಇಟ್ಟು, "ಹುಳಕ್ಕೆ ಕೊಡೋಳು ದೇವರಿಗೆ ಕೊಡಲ್ವಾ?" ಅಂದ್ರು. ಇದಕ್ಕೆ ಏನ್ ಹೇಳ್ತೀರ?

ಆಯುಧಪೂಜೆ ಬೆಳಿಗ್ಗೆ ನೋಡಿದ್ರೆ ಬೇಲೀಲಿ ಒಂದು ಹೂವಿಲ್ಲ. ಅಪಾರ್ಟ್‌ಮೆಂಟಿನ ಅಷ್ಟೂ ಕಾರಿನ ಮೂತಿಗೆ ನಮ್ಮ ಚೆಂಡುಹೂವಿನ ಹಾರ. ನನಗೆ ಅಳು ಬಂತು. ಆಮೇಲೆ ಯೋಚನೆ ಮಾಡಿದ್ರೆ, ಹೂವಿನ ಜೊತೆ ಮೊಟ್ಟೆ, ಹುಳ ಎಲ್ಲಾ ಹೋಗಿದಾವೆ. ಕೂಲಿ ಕೊಟ್ರೂ ಇಷ್ಟು ಚೊಕ್ಕವಾಗಿ ಯಾರೂ ಕೀಳ್ತಿರ್ಲಿಲ್ಲ. ಪೂಜೆ ಮುಗಿಸಿ ಕಾರುಗಳೆಲ್ಲ ಮೈಸೂರು ರೋಡಿಗೆ ಬಿದ್ವು. ಆ ಸಲ ನಾವು ದಸರಾಗೆ ಹೋಗ್ಲಿಲ್ಲ, ನಮ್ಮ ಹೊಲದ ಹುಳಗಳು ಹೋಗಿ ನೋಡ್ಕೊಂಡು ಬಂದ್ವು.

ಗೂಬೆ

ಇಲಿ ಕಾಟಕ್ಕೆ ವಿಷ ಇಡೋ ಹಾಗಿಲ್ಲ. ಗೂಬೆ ಬಂದು ಕೂರ್ಲಿ ಅಂತ ಒಂದು ಎತ್ತರದ ಕಂಬ ನಿಲ್ಲಿಸಿದೆ. ಅತ್ತೆಗೆ ಗೊತ್ತಾಗಿ ಮನೆ ರಣರಂಗ ಆಯ್ತು. "ಊರೋರೆಲ್ಲ ಗೂಬೆ ಓಡಿಸ್ತಾರೆ, ನಮ್ಮ ಸೊಸೆ ಕುರ್ಚಿ ಹಾಕಿ ಕರೀತಾಳೆ!" ಅಂತ ಮೂರು ಹೊತ್ತೂ ಅದೇ ಮಾತು. ಗೂಬೆ ಬಂತು. ಮನೇಲಿ ಯಾರಿಗೂ ಏನೂ ಆಗ್ಲಿಲ್ಲ, ಇಲಿಗಳಿಗೆ ಮಾತ್ರ ಗ್ರಹಚಾರ ಕೆಡ್ತು. ಉಳಿದವು ಗುಳೆ ಎದ್ದು ಸೀದಾ ಛತ್ರದ ಅಡುಗೆಮನೆಗೆ ಹೋದ್ವು.

ಒಂದು ಬೆಳಿಗ್ಗೆ ಛತ್ರದ ಓನರ್ ಬಂದ್ರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಬಿಳಿ ಪಂಚೆ. ಮನುಷ್ಯ ಎಂಥ ಶಾಸ್ತ್ರದೋರು ಅಂದ್ರೆ, ಛತ್ರದಲ್ಲಿ ಯಾರಾದ್ರೂ ಸೀನಿದ್ರೆ ಒಲೆ ಹಚ್ಚೋದನ್ನೂ ನಿಲ್ಲಿಸೋರು. ಅತ್ತ ಇತ್ತ ನೋಡಿ ಮೆಲ್ಲಗೆ ಕೇಳಿದ್ರು: "ಅಮ್ಮ, ತಪ್ಪು ತಿಳ್ಕೋಬೇಡಿ. ಆ ನಿಮ್ಮ ಗೂಬೇನ ನಮ್ಮ ಕಡೆ ಒಂದೆರಡು ದಿನ ಕಳಿಸ್ತೀರಾ?"

"ಮದುವೆ ಮನೆಗೆ ಗೂಬೆನಾ ಸಾರ್?"

"ವರಪೂಜೆಗೆ ಮುಂಚೆ ವಾಪಸ್ ಕಳಿಸ್ಬಿಡ್ತೀನಿ. ಬೀಗರಿಗೆ ಗೊತ್ತಾಗೋದು ಬೇಡ."

ಸಾಕ್ಷಿ

ಸಂಕ್ರಾಂತಿ ಹತ್ರ ಬಂತು. ಹೊಲದ ತುಂಬ ಅವರೆ ಸೊಗಡು, ಸುತ್ತ ಜೇನು ಗುಂಯ್ ಅಂತಿದೆ. ಮಾವ ತೀರ್ಮಾನದ ದಿನ ಗೊತ್ತು ಮಾಡಿದ್ರು. ನಾನು ಆರಿಸಿ ಒಳ್ಳೇದು ಮಾತ್ರ ಇಡ್ತೀನಿ ಅನ್ನೋ ಗುಮಾನಿಗೆ, ತಾವೇ ಹೊಲಕ್ಕೆ ಇಳಿದು ಎರಡು ಮಂಕರಿ ಕಾಯಿ ಕಿತ್ತು ತಂದು ಹಜಾರದಲ್ಲಿ ಸುರಿದ್ರು. ಸುಲಿಯೋಕೆ ಅತ್ತೆ, ನಾನು, ನಮ್ಮೆಜಮಾನ್ರು, ಆ ಸೊಂಟದ ಮೇಲೆ ಕೈ ಇಡೋ ಆಂಟಿ. ಛತ್ರದ ಓನರ್ರೂ ಬಂದಿದ್ರು, ಜೇಬಲ್ಲಿ ಅಳತೆ ಟೇಪು. ಸುಮ್ನೆ ಕೂತ್ಕೊಳೋಕೆ ಆಗದೆ ಅವರೂ ಸುಲಿಯೋಕೆ ಶುರು ಮಾಡಿದ್ರು. ಅವರೆಕಾಯಿ ರಾಶಿ ಮುಂದೆ ಕೈ ಕಟ್ಕೊಂಡು ಕೂರೋ ಮನುಷ್ಯ ಬೆಂಗಳೂರಲ್ಲಿ ಇನ್ನೂ ಹುಟ್ಟಿಲ್ಲ.

ಮೊದಲನೇ ಮಂಕರಿ ಮುಗೀತು. ಕಾಳು ಮುತ್ತಿನ ಹಾಗಿದೆ. ಹುಳ? ಒಂದೂ ಇಲ್ಲ! ನನಗೆ ಎದ್ದು ಕುಣಿಯೋಣ ಅನ್ನಿಸ್ತು. ಮಾವನ ಮುಖ ನೋಡಿದ್ರೆ ಮೋಡ ಕವಿದಿದೆ.

"ನಿಜ ಹೇಳಮ್ಮ. ಕದ್ದು ಔಷಧಿ ಹೊಡ್ದಿದೀಯ ತಾನೇ?"

"ಅಯ್ಯೋ ಶಿವನೇ! ಇಲ್ಲ ಮಾವ!"

"ಹುಟ್ಟಿದಾಗಿಂದ ಅವರೆ ನೋಡ್ತಾ ಇದೀನಿ. ನಾನು ಔಷಧಿ ಹೊಡೆದಾಗ್ಲೂ ಮಂಕರಿಗೆ ಹತ್ತು ಹುಳ ಸಿಗ್ತಿತ್ತು. ಒಂದೂ ಇಲ್ಲ ಅಂದ್ರೆ ನೀನು ಹೊಡ್ದಿರೋದು ಔಷಧಿಯಲ್ಲ, ಘೋರ ವಿಷ!"

ನೋಡಿ ನನ್ನ ಹಣೆಬರಹ. ಹುಳ ಇದ್ರೆ ಸೋಲು ಅಂತ ಇಷ್ಟು ದಿನ ಒದ್ದಾಡಿದೆ, ಈಗ ಹುಳ ಇಲ್ಲ ಅಂತ ಹೊಲ ಹೋಗ್ತಾ ಇದೆ. ಕಾಜಾಣ, ಕಣಜ, ಚೆಂಡುಹೂವು ಅಂತ ಏನೇನೋ ಹೇಳಿದೆ. ಮಾವ ತಲೆ ಆಡಿಸ್ತಾನೇ ಇದ್ರು. ಛತ್ರದ ಓನರ್ ಟೇಪ್ ಹೊರಗೆ ತೆಗೆದು, "ಹಂಗಾದ್ರೆ ಸೋಮವಾರ ಜಲ್ಲಿ ಸುರಿಸ್ಬಿಡ್ಲಾ ಯಜಮಾನ್ರೇ?" ಅಂದ್ರು.

ಆಗ ಎದ್ದರು ನೋಡಿ ನಮ್ಮ ಅತ್ತೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, "ನನ್ನ ಸೊಸೆ ಗೂಬೆ ಕರ್ದಿರ್ಬೋದು, ಸುಳ್ಳು ಹೇಳೋಳಲ್ಲ! ಇನ್ನೊಂದು ಮಂಕರಿ ಇದೆಯಲ್ಲ? ಹುಡುಕ್ರೋ ಎಲ್ಲಾ! ಒಂದು ಹುಳ ಸಿಗಲ್ವಾ?" ಅಂದ್ರು.

ಶುರುವಾಯ್ತು. ಮನೆಮಂದಿಯೆಲ್ಲ ಅವರೆಕಾಯಲ್ಲಿ ಹುಳ ಹುಡುಕ್ತಾ ಇದೀವಿ, ಮದುವೇಲಿ ಕಳ್ಕೊಂಡ ಮೂಗುಬೊಟ್ಟು ಹುಡುಕಿದ ಹಾಗೆ. ಹುಳ ಕಂಡ್ರೆ ಕಿರುಚ್ಕೊಳೋ ಆಂಟಿ, "ಗಣಪಾ, ಒಂದೇ ಒಂದು ಹುಳ ಕೊಡಪ್ಪ, ಈಡುಗಾಯಿ ಒಡಿಸ್ತೀನಿ" ಅಂತಿದಾರೆ. ಅತ್ತೆ ಸಿಪ್ಪೆನೆಲ್ಲ ತಿರುಗಾ ಜಾಲಾಡ್ತಿದಾರೆ. ನಮ್ಮೆಜಮಾನ್ರು ನನ್ನ ಕಿವೀಲಿ, "ಮಾರ್ಕೆಟ್ಟಿಂದ ಒಂದು ಕೆಜಿ ತಂದುಬಿಡ್ಲೇನೇ? ಅದರಲ್ಲಿ ಗ್ಯಾರಂಟಿ ಇರುತ್ತೆ" ಅಂದ್ರು. ಮೊಣಕೈಲಿ ತಿವಿದೆ. ಮಂಕರಿ ತಳ ಕಾಣ್ತಾ ಬಂತು.

ಅಷ್ಟರಲ್ಲಿ "ಅಯ್ಯಯ್ಯಪ್ಪೋ!" ಅಂತ ಒಂದು ಚೀತ್ಕಾರ. ಛತ್ರದ ಓನರ್ ಜಿಗಿದು ನಿಂತಿದಾರೆ. ಆ ಬಿಳಿ ಶರ್ಟಿನ ಮೇಲೆ, ಗುಂಡಿ ಪಕ್ಕದಲ್ಲೇ, ದಪ್ಪನೆ ಹಸಿರು ಹುಳ ಒಂದು ಕತ್ತಿನ ಕಡೆಗೆ ಹತ್ತುತ್ತಾ ಇದೆ. ನಾವೆಲ್ಲ "ಹೋ!" ಅಂತ ಚಪ್ಪಾಳೆ ತಟ್ಟಿದ್ವಿ. ಆಂಟಿ ಅಂತೂ ಅತ್ತೇನ ತಬ್ಕೊಂಡ್ಬಿಟ್ರು. ಓನರ್ ಕೈ ಎತ್ತಿ ಹುಳಾನ ಒದರೋಕೆ ಹೋದ್ರು. ಮಾವ ಒಂದೇ ನೆಗೆತಕ್ಕೆ ಹೋಗಿ ಅವರ ಕೈ ಹಿಡ್ಕೊಂಡು, "ಅಲ್ಲಾಡ್ಬೇಡಿ ಸಾಹುಕಾರ್ರೇ! ಅದು ನನ್ನ ಸೊಸೆ ಸಾಕ್ಷಿ!" ಅಂತ ಗದರಿದ್ರು.

ಪಾಪ, ಓನರ್ ಉಸಿರು ಬಿಗಿ ಹಿಡ್ಕೊಂಡು ಬೊಂಬೆ ಥರ ನಿಂತ್ರು. ಮಾವ ಕನ್ನಡಕ ಏರಿಸಿ ನೋಡಿದ್ರು. ಹುಳಾನ ಮೆಲ್ಲಗೆ ಅಂಗೈಗೆ ತಗೊಂಡು ಬೆರಳಲ್ಲಿ ಮುಟ್ಟಿದ್ರು. ಅದು ಗುಂಡಗೆ ಸುತ್ಕೊಂಡು, ಮತ್ತೆ ಬಿಚ್ಕೊಂಡು, ಠೀವಿಯಿಂದ ನಡೀತು.

"ನೋಡಿ ಹೆಂಗ್ ಮೈಕೈ ತುಂಬ್ಕೊಂಡಿದೆ. ವಿಷ ತಿಂದಿರೋ ಮೈ ಅಲ್ಲ ಇದು" ಅಂದ್ರು ಮಾವ. ನನ್ನ ಕಡೆ ತಿರುಗಿ, "ಗೆದ್ದೆ ಕಣಮ್ಮ" ಅಂದ್ರು. ಅವರ ಕಣ್ಣು ಒದ್ದೆ ಇತ್ತು, ನಂದಂತೂ ಹರೀತಾನೇ ಇತ್ತು.

ಛತ್ರದ ಓನರ್ ಇನ್ನೂ ಅಲ್ಲಾಡದೆ ನಿಂತಲ್ಲೇ ಕೇಳಿದ್ರು: "ಹಂಗಾದ್ರೆ ನಮ್ಮ ಪಾರ್ಕಿಂಗು?"

ಮಾವ ಹುಳಾನ ಒಂದು ಅವರೆ ಎಲೆ ಮೇಲೆ ಬಿಟ್ಟು, ಅಂಗಳಕ್ಕೆ ಇಳೀತಾ ಹೇಳಿದ್ರು: "ಜಾಗ ಇಲ್ಲ ಸಾಹುಕಾರ್ರೇ. ನಿಮಗಿಂತ ಮುಂಚೆ ಇವನು ಬಂದು ಗಾಡಿ ನಿಲ್ಲಿಸ್ಬಿಟ್ಟಿದಾನೆ."