ಡೆಫಿನೆಟ್ಲಿ ಬರುವವರು

ಇಂಗ್ಲಿಷಿನ ಮೇಲೆ ನನಗೆ ದ್ವೇಷವಿಲ್ಲ. ಆದರೆ ಈ ‘ಡೆಫಿನೆಟ್ಲಿ’ ಎಂಬ ಒಂದು ಪದವೇನಾದರೂ ಕೈಗೆ ಸಿಕ್ಕಿದರೆ ಸುಮ್ಮನೆ ಬಿಡುವವನಲ್ಲ! ನಿಘಂಟಿನವರು ಅದಕ್ಕೆ ‘ಖಂಡಿತವಾಗಿ’ ಎಂದು ಅರ್ಥ ಕೊಟ್ಟಿದ್ದಾರೆ. ಪಾಪ, ಅವರು ಮಂಗಳೂರಿನಲ್ಲಿ ಯಾರನ್ನೂ ಕಾರ್ಯಕ್ರಮಕ್ಕೆ ಕರೆದವರಲ್ಲ.

ನನ್ನ ಹೆಂಡತಿ ವಸಂತಿ ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಮಹಿಳೆಯರ ತಾಳಮದ್ದಳೆ ತಂಡ ಸೇರಿದಳು. ವೇಷವಿಲ್ಲದೆ, ಕುಳಿತಲ್ಲೇ ಮಾತಿನಿಂದ ಕಥೆ ಕಟ್ಟುವ ಕಲೆ. ಮಾತಿನಲ್ಲಿ ಅವಳಿಗೆ ಮೂವತ್ತು ವರ್ಷಗಳ ಅನುಭವವಿದೆ. ಎದುರು ಕೂತು ಕೇಳಿದವನು ನಾನೇ. ಕದ್ರಿಯ ಸಣ್ಣ ಸಭಾಂಗಣವೊಂದರಲ್ಲಿ ಭಾನುವಾರ ಸಂಜೆ ಅವಳ ಮೊದಲ ಕಾರ್ಯಕ್ರಮ. ಅದೂ ರಾಣಿಯ ಪಾತ್ರ! ಎರಡು ತಿಂಗಳು ಒಗ್ಗರಣೆ ಹಾಕುವಾಗಲೂ ರಾಣಿ, ಬಟ್ಟೆ ಒಣಗಿಸುವಾಗಲೂ ರಾಣಿ. “ಖಾಲಿ ಕುರ್ಚಿ ಕಂಡ್ರೆ ನನಗೆ ಮಾತೇ ಹೊರಡುದಿಲ್ಲ ಮಾರಾಯ್ರೆ” ಎಂದಳು. ಜನ ಸೇರಿಸುವ ಭಾರ ನನ್ನದೆಂದು ಎದೆ ತಟ್ಟಿಕೊಂಡೆ. ಆ ಉತ್ಸಾಹದಲ್ಲಿ ಇನ್ನೂ ಏನೇನು ಹೇಳಿದೆನೋ ನೆನಪಿಲ್ಲ.

ಕರೆಯಲು ಹೊರಟೆ. ವಾಮಂಜೂರಿನ ಭಾವ, “ಡೆಫಿನೆಟ್ಲಿ ಭಾವ, ಮನೆಯವರೆಲ್ಲ ಬರ್ತೇವೆ!” ಎಂದ. ಹಳೆಯ ಸಹೋದ್ಯೋಗಿಯೊಬ್ಬ ಮೊಬೈಲಿನಿಂದ ಕಣ್ಣೆತ್ತದೆ ಎರಡು ಸಲ ಡೆಫಿನೆಟ್ಲಿ ಎಂದ. ನಮ್ಮ ಮೇಲಿನ ಮನೆಯ ಡಾಕ್ಟರಂತೂ ಯಾವ ದಿನ ಎಂದು ಕೇಳುವ ಮೊದಲೇ ಡೆಫಿನೆಟ್ಲಿ! ನನಗೆ ಆನಂದವೋ ಆನಂದ. ಬಿಜೈಯ ನಮ್ಮ ದಿನಸಿ ಅಂಗಡಿಯ ಇಬ್ರಾಹಿಂ ಒಬ್ಬರೇ ತಲೆ ಕೆರೆದುಕೊಂಡು, “ನೋಡುವ ಸರ್, ಅಂಗಡಿ ಉಂಟಲ್ಲ” ಎಂದರು. ಪಟ್ಟಿಯಲ್ಲಿ ಅವರ ಹೆಸರು ಹೊಡೆದುಹಾಕಿದೆ.

ಭಾನುವಾರ ನಾಲ್ಕು ಗಂಟೆಗೆ ಗೇಟಿನಲ್ಲಿ ನಿಂತೆ. ತಂಡದ ಉಳಿದವರ ಮನೆಯವರೆಲ್ಲ ಬಂದು ಕೂತರು, ಒಳಗೆ ಚೆಂಡೆ ಶುರುವಾಯಿತು, ನನ್ನ ಡೆಫಿನೆಟ್ಲಿಗಳ ಸುಳಿವಿಲ್ಲ. ಭಾವನಿಗೆ ಫೋನು ಮಾಡಿದರೆ, “ಹೊರಟದ್ದೇ ಭಾವ, ಅಷ್ಟರಲ್ಲಿ ನೆಂಟರು ಬಂದ್ರು!” ನನ್ನ ಎದೆಯೂ ಚೆಂಡೆಯಾಯಿತು. ಆಗ ನಾಲ್ಕು ರಿಕ್ಷಾಗಳು ಒಟ್ಟಿಗೆ ಬಂದು ನಿಂತವು. ಇಬ್ರಾಹಿಂ, ಅವರ ಹೆಂಡತಿ, ತಂಗಿ, ಹಿಂದೆ ನಮ್ಮ ಬೀದಿಯ ಒಂಬತ್ತು ಮಂದಿ! “ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದೆ ಸರ್. ಸ್ವಲ್ಪ ಲೇಟಾಯ್ತು.” ಅವರನ್ನು ಅಪ್ಪಿಕೊಳ್ಳುವುದೊಂದು ಬಾಕಿ! ಅವರನ್ನು ಒಳಗೆ ಕಳಿಸಿ, ಡಾಕ್ಟರು ಈಗ ಬಂದಾರು, ಆಗ ಬಂದಾರು ಎಂದು ಗೇಟಿನಲ್ಲೇ ಉಳಿದೆ. ಒಳಗಿನಿಂದ ಚಪ್ಪಾಳೆ ಕೇಳಿದಾಗಲೆಲ್ಲ ಹೊರಗೆ ನಾನೂ ಚಪ್ಪಾಳೆ ಹೊಡೆದೆ. ಕೊನೆಗೆ ಬಾಗಿಲು ತೆರೆದು ಜನ ಹೊರಗೆ ಬರತೊಡಗಿದರು.

ಮಲ್ಲಿಗೆ ಮುಡಿದ ರಾಣಿಯೂ ಬಂದಳು, ಮುಖವೆಲ್ಲ ನಗು. “ಹಾಲ್ ತುಂಬಿತ್ತು ಮಾರಾಯ್ರೆ! ಒಂದೇ ಒಂದು ಕುರ್ಚಿ ಖಾಲಿ. ಎದುರಿನ ಸಾಲಿದ್ದು.”

ನಾನು ಬಾಯಿ ತೆರೆಯುವ ಮೊದಲೇ ಅವಳೆಂದಳು: “ಎದುರಿನ ಸಾಲಲ್ಲೇ ಕೂತ್ಕೊಳ್ತೇನೆ, ಡೆಫಿನೆಟ್ಲಿ ಅಂತ ಹೇಳಿದ್ದು ಯಾರು?”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಹೋಗ್ಲಿ, ಬರುವ ತಿಂಗಳು ಇನ್ನೊಂದು ಉಂಟು. ಅದಕ್ಕಾದ್ರೂ ಬರ್ತೀರಾ?”

ನಾಲಿಗೆಯ ತುದಿಗೆ ಬಂದ ಪದವನ್ನು ನುಂಗಿಕೊಂಡೆ. ಈ ಸಲ ತಪ್ಪಿಸುವ ಪ್ರಶ್ನೆಯೇ ಇಲ್ಲ. ಗಂಭೀರವಾಗಿ, ಮನಸಾರೆ, “ನೋಡುವ” ಎಂದೆ.

ರಾಣಿಯ ಮುಖ ಕೆಂಪಾಯಿತು. ಆ ಪದಕ್ಕೆ ನಾನು ಆ ಸಂಜೆಯಷ್ಟೇ ಕಂಡುಕೊಂಡ ಅರ್ಥ ಅವಳಿಗೆ ಇನ್ನೂ ಗೊತ್ತಿರಲಿಲ್ಲ.